ಟ್ರೋಫಿ ಬಂದಿದ್ದು ಅಕೌಂಟಿಗೆ, ಬೈಗುಳ ಬಿದ್ದಿದ್ದು ಹುಡುಗನಿಗೆ: ಒಂದು ಸೆಕೆಂಡ್ ಹ್ಯಾಂಡ್ ಕನ್ಸೋಲ್ ಪ್ರಕರಣ

ಇದು ನಮ್ಮನೇಲೇ ಆಗಿದ್ದು, ಅಂದ್ರೆ ನಮ್ಮಕ್ಕನ ಮನೇಲಿ, ಹಾಸನದ ವಿದ್ಯಾನಗರದಲ್ಲಿ. ಅಕ್ಕ ಭಾವನ್ನ ಕೇಳಿಯೇ ಬರೀತಿದೀನಿ, ಅಳಿಯನ್ನ ಎರಡು ಸಲ ಕೇಳ್ದೆ, ಯಾಕಂದ್ರೆ ವಿಷಯಾನೇ ಪ್ರೈವೆಸಿ, ಅದನ್ನ ಅವನಿಗೆ ಹೇಳ್ದೆ ಬರೆದ್ರೆ ನಾನೂ ಅದೇ ಕೆಲ್ಸ ಮಾಡ್ದಂಗಾಗುತ್ತೆ. "ಹೆಸ್ರು ಹಾಕ್ಬೇಡ ಮಾಮ, ಮಾರ್ಕ್ಸೂ ಹಾಕ್ಬೇಡ" ಅಂದ. ಎರಡೂ ಹಾಕಲ್ಲ. ಕನ್ಸೋಲ್ ಯಾವ ಕಂಪ್ನಿದು ಅಂತಾನೂ ಹೇಳಲ್ಲ. ಇಲ್ಲಿ ನಡೆದಿದ್ರಲ್ಲಿ ತಪ್ಪು ಜಾಸ್ತಿ ನಮ್ದೇ, ಅದ್ರಲ್ಲಿ ಮೊದಲ್ನೇ ತಪ್ಪಂತೂ ಖುದ್ದು ನಂದು.

ನಾನು ಸಾಲಗಾಮೆ ರಸ್ತೆ ಕಡೆ ಒಂದು ಸಣ್ಣ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಕೊಂಡಿದೀನಿ. ಲ್ಯಾಪ್‌ಟಾಪ್ ಬಿಚ್ಚೋದು, ಪ್ರಿಂಟರ್ ಜಾಮ್ ತೆಗೆಯೋದು, ಆಧಾರ್ ಜೆರಾಕ್ಸು, ಇಂಥದ್ದು. ಮನೆಯವರಿಗೆಲ್ಲ ನಾನೇ ಎಕ್ಸ್‌ಪರ್ಟು. ಹಂಗಾಗಿ 2020ರ ಲಾಕ್‌ಡೌನಲ್ಲಿ ಭಾವ ಮಗನಿಗೆ ಟೀವಿಗೆ ಹಾಕಿ ಆಡೋ ಗೇಮ್ ಕನ್ಸೋಲ್ ತಂದಾಗ ಅಕೌಂಟ್ ಓಪನ್ ಮಾಡಕ್ಕೆ ನನ್ನೇ ಕರೆದ್ರು. ಅಳಿಯ ಆಗ 12 ವರ್ಷದವನು, ಏಳನೇ ಕ್ಲಾಸು. ಹುಟ್ಟಿದ ವರ್ಷ 2008 ಅಂತ ಹಾಕ್ತಿದ್ದಂಗೆ ಸ್ಕ್ರೀನು ನಿಂತ್ಬಿಡ್ತು, ಮೊದ್ಲು ಅಪ್ಪನೋ ಅಮ್ಮನೋ ಬೇರೆ ಅಕೌಂಟ್ ಮಾಡ್ಬೇಕು, ಮೇಲ್ ವೆರಿಫೈ ಆಗ್ಬೇಕು, ಆಮೇಲೆ ಮಗೂದು ಅದರ ಕೆಳಗೆ ಸೇರಿಸ್ಬೇಕು ಅಂತ ಶುರು ಮಾಡ್ತು. ಹುಡುಗ ಕುಣೀತಿದಾನೆ, ಭಾವ ಟೈಮ್ ನೋಡ್ತಿದಾರೆ, ಅಕ್ಕ ಊಟಕ್ಕೆ ಕರೀತಿದಾಳೆ. ನಾನು ಜಾಣನ ಥರ "ನಿಮ್ಮ ಡೇಟ್ ಆಫ್ ಬರ್ತ್ ಹಾಕ್ಬಿಡಿ ಭಾವ, ಮುಗ್ದೋಯ್ತು" ಅಂದೆ. ಮುಗ್ದೋಯ್ತು. ಹುಟ್ಟಿದ್ದು 1974, ಮೇಲ್ ಐಡಿ ಭಾವಂದು, ಮೊಬೈಲ್ ನಂಬರ್ ಅಕ್ಕಂದು, ಆಡೋ ಹೆಸರು ಅಳಿಯಂದು. ಮೂರು ಜನರ ಒಂದೊಂದು ತುಂಡು ತಗೊಂಡು ಹೊಲಿಗೆ ಹಾಕಿ ಒಬ್ಬ ಮನುಷ್ಯನ್ನ ಮಾಡ್ದಂಗೆ.

ನೀವು ಎಷ್ಟು ಜನ ಹಿಂಗೇ ಮಾಡಿದೀರ ಅಂತ ನಾನು ಕೇಳಕ್ಕೆ ಹೋಗಲ್ಲ, ಅಂಗಡಿಗೆ ಬರೋರಲ್ಲಿ ಮಕ್ಕಳ ನಿಜವಾದ ಹುಟ್ಟಿದ ದಿನ ಹಾಕಿ ಅಕೌಂಟ್ ಮಾಡಿದೋರನ್ನ ನಾನಂತೂ ಇನ್ನೂ ನೋಡಿಲ್ಲ.

ಈಗ ಪ್ರಕರಣಕ್ಕೆ ಬರ್ತೀನಿ. ಹೋದ ವರ್ಷ, 2025ರಲ್ಲಿ, ಹಾಸನಾಂಬ ಜಾತ್ರೆ ರಶ್ ಮುಗಿದು ಊರು ಸ್ವಲ್ಪ ಉಸಿರಾಡ್ತಿದ್ದ ಟೈಮಲ್ಲಿ ಅಳಿಯನ ಮಿಡ್‌ಟರ್ಮ್ ಮಾರ್ಕ್ಸ್ ಬಂತು, ಸೆಕೆಂಡ್ ಪಿಯುಸಿ. ಭಾವ ಕೂಗಾಡಿ, ಅವನ ಮೊಬೈಲ್ ಕಿತ್ತು ಬೀರುವಿಗೆ ಹಾಕಿ, ಕೈಗೊಂದು ಕೀಪ್ಯಾಡ್ ಫೋನ್ ಕೊಟ್ರು. ನವೆಂಬರಲ್ಲಿ ಒಂದು ದಿನ ಅವನು ಕಾಲೇಜಿಗೆ ಹೋಗಿದ್ದಾಗ ಕನ್ಸೋಲಿನ ವೈರು ಕಿತ್ತು, ಸೆಕೆಂಡ್ ಹ್ಯಾಂಡ್ ಮಾರೋ ಆ್ಯಪಲ್ಲಿ ಫೋಟೋ ಹಾಕಿ, ಎರಡು ಕಂಟ್ರೋಲರ್ ಸೇರಿಸಿ 13,500ಕ್ಕೆ ಚಿಕ್ಕಮಗಳೂರಿನ ಒಬ್ರಿಗೆ ಮಾರೇಬಿಟ್ರು. ವ್ಯಾಪಾರ ನಡೆದಿದ್ದು ಬೇಲೂರು ಬಸ್ ಸ್ಟ್ಯಾಂಡಲ್ಲಿ, ಹಾಸನದಿಂದ 40 ಕಿಲೋಮೀಟ್ರು, ಅವರಿಗೆ ಸುಮಾರು 25, ಇಬ್ಬರಿಗೂ ಮಧ್ಯ. ಅಲ್ಲಿ ಆನ್ ಮಾಡಿ ತೋರ್ಸಕ್ಕೆ ಟೀವಿ ಎಲ್ಲಿದೆ, ಹಿಂದಿನ ರಾತ್ರಿ ಮನೇಲಿ ತೆಗೆದಿದ್ದ ವಿಡಿಯೋ ತೋರ್ಸಿ "ಗೇಮೆಲ್ಲ ಒಳಗೇ ಇದೆ ಸಾರ್, ಸಿಡಿ ಗಿಡಿ ಏನೂ ಬೇಡ" ಅಂತ ಭಾವ ಹೇಳಿದ್ರಂತೆ. ಈ ಒಂದು ಮಾತು ನೆನಪಿಟ್ಕೊಳ್ಳಿ.

ಲಾಗೌಟ್ ಇಲ್ಲ, ಫಾರ್ಮ್ಯಾಟ್ ಇಲ್ಲ, ಏನೂ ಇಲ್ಲ. ಹಳೇ ಟೀವಿ ಮಾರ್ದಂಗೆ ಮಾರಿದ್ರು. ಅಳಿಯ ಸಂಜೆ ಬಂದು ನೋಡಿದಾಗ ಟೀವಿ ಕೆಳಗೆ ಧೂಳಿನ ಚೌಕ ಒಂದು ಉಳಿದಿತ್ತು. ಅವನೂ ಕೇಳ್ಲಿಲ್ಲ ಫಾರ್ಮ್ಯಾಟ್ ಹೊಡೆದ್ರಾ ಅಂತ, ಮಾಮ ಮಾಡಿಕೊಟ್ಟಿರ್ತಾನೆ ಅನ್ಕೊಂಡಿದ್ನಂತೆ. ನನಗೆ ಮಾರಿದ್ದೇ ಗೊತ್ತಿರ್ಲಿಲ್ಲ.

ಜನವರಿ ಎರಡನೇ ವಾರ ಭಾವ ಯಾವುದೋ ಇನ್ಶೂರೆನ್ಸ್ ರಸೀದಿ ಹುಡುಕಕ್ಕೆ ಮೇಲ್ ಓಪನ್ ಮಾಡಿದಾರೆ. ಅವರು ಮೇಲ್ ನೋಡೋದು ವರ್ಷಕ್ಕೆ ನಾಕು ಸಲ. ಅಲ್ಲಿ ಮೂರು ಮೇಲ್, ಮೂರೂ ಗೇಮ್ ಕಂಪ್ನಿದು, ಖರೀದಿ ಮಾಡಿದ್ದಕ್ಕೆ ಧನ್ಯವಾದ ಅಂತ. ಬರ್ತ್‌ಡೇಗೆ ಕೊಟ್ಟಿದ್ದ ಗಿಫ್ಟ್ ಕಾರ್ಡಿನ ದುಡ್ಡು ಅಕೌಂಟಿನ ವಾಲೆಟ್ಟಲ್ಲಿ 2,150 ರೂಪಾಯಿ ಇತ್ತು, ಮೂರು ಸಲಕ್ಕೆ ಅದು ಖಾಲಿ. ಅಕ್ಕನ ಕಾರ್ಡೂ ಅದರಲ್ಲಿ ಸೇವ್ ಆಗಿತ್ತು, ಅದು ಮಾತ್ರ ಉಳ್ಕೊಂಡಿದ್ದು ಓಟಿಪಿಯಿಂದ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ರೂಲ್ಸ್ ಪ್ರಕಾರ ಅಂಗಡಿಗಳು ಕಾರ್ಡ್ ನಂಬರನ್ನೇ ಇಟ್ಕೊಳ್ಳೋಹಂಗಿಲ್ಲ, ಬದಲಿಗೆ ಟೋಕನ್ ಅಂತ ಒಂದು ಕೋಡ್ ಇರುತ್ತೆ, ದುಡ್ಡು ಕಟ್ ಆಗ್ಬೇಕಂದ್ರೆ ಓಟಿಪಿ ಬೇಕು. ಅಕ್ಕನ ಫೋನಿಗೆ ಡಿಸೆಂಬರಲ್ಲಿ ಎರಡು ಸಲ ಓಟಿಪಿ ಬಂದಿತ್ತಂತೆ, "ಯಾರೋ ಫ್ರಾಡು ಅಂತ ಸುಮ್ನಾದೆ ಕಣೋ" ಅಂದ್ಲು. ವಾಲೆಟ್ ದುಡ್ಡಿಗೆ ಅದೂ ಬೇಡ, ಬಟನ್ ಒತ್ತಿದ್ರೆ ಹೋಯ್ತು.

ಭಾವನ ತಲೇಲಿ ಲೆಕ್ಕ ತಕ್ಷಣ ಸರಿಹೋಯ್ತು. ಹುಡುಗ ಯಾರದೋ ಫ್ರೆಂಡ್ ಮನೇಲಿ ಆಡ್ತಿದಾನೆ. ಅವನನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಸೀದಾ ನನ್ನ ಅಂಗಡಿಗೆ ಬಂದ್ರು, ಅಕೌಂಟ್ ತೆಗಿ ಅಂದ್ರು. ನಾನು ತೆಗೆದೆ. ಇದು ನನ್ನ ಎರಡನೇ ತಪ್ಪು, ಅವನನ್ನ ಒಂದ್ಮಾತು ಕೇಳ್ದೆ ಅವನ ಎದುರಿಗೇ ತೆಗೆದೆ.

ಆ ಪೇಜು ನೋಡದೇ ಇರೋರಿಗೆ ಹೇಳ್ತೀನಿ. ಕನ್ಸೋಲ್ ಗೇಮಲ್ಲಿ ಏನಾದ್ರೂ ಒಂದು ಹಂತ ದಾಟಿದ್ರೆ ಸೋನಿಯವರ ಪ್ಲೇಸ್ಟೇಷನಲ್ಲಿ ಟ್ರೋಫಿ ಅಂತಾರೆ, ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸಲ್ಲಿ ಅಚೀವ್‌ಮೆಂಟ್ ಅಂತಾರೆ, ಒಂದೊಂದಕ್ಕೂ ಯಾವ ದಿನ ಬಂತು ಅಂತ ದಾಖಲೆ ಇರುತ್ತೆ, ಟೈಮ್ ಸಮೇತ. ನಾವು ಅದನ್ನ ಬಹುಮಾನ ಅನ್ಕೋತೀವಿ, ನನ್ನ ಕೇಳಿದ್ರೆ ಅದು ಹಾಜರಿ ಪುಸ್ತಕ. ಲಿಸ್ಟಲ್ಲಿ ಹಿಂಗಿತ್ತು: ರಾತ್ರಿ 11:38. ಇನ್ನೊಂದು ದಿನ 12:51. ಇನ್ನೊಂದು ದಿನ 1:47, ಅದರ ಮಾರನೇ ದಿನ ಫಿಸಿಕ್ಸ್ ಪ್ರಿಪರೇಟರಿ. ಭಾವ ಬೆರಳಿಟ್ಟು ಒಂದೊಂದೇ ಸಾಲು ಓದಿದ್ರು, ನಮ್ಮ ಅಂಗಡಿ ಹುಡುಗನ ಎದುರಿಗೆ, ಜೆರಾಕ್ಸಿಗೆ ಬಂದಿದ್ದ ಇಬ್ಬರ ಎದುರಿಗೆ. ಅಳಿಯ "ನಾನಲ್ಲಪ್ಪ" ಅಂದ. ಭಾವ ಸ್ಕ್ರೀನ್ ಕಡೆ ಕೈ ತೋರಿಸಿ "ಇದು ಸುಳ್ಳು ಹೇಳುತ್ತೇನೋ? ಇದಕ್ಕೆ ನಿನ್ನ ಮೇಲೆ ಏನ್ ದ್ವೇಷ?" ಅಂದ್ರು. ಹುಡುಗ ಮಾತಾಡ್ಲಿಲ್ಲ. ಅಲ್ಲಿಂದ ನಡ್ಕೊಂಡೇ ಮನೆಗೆ ಹೋದ.

ನಿಜ ಹೇಳ್ಬೇಕಂದ್ರೆ ನಾನೂ ನಂಬಿದ್ದೆ. ಟೈಮ್ ಸಮೇತ ಇರೋ ಲಿಸ್ಟ್ ಕಂಡ್ರೆ ಯಾರಿಗಾದ್ರೂ ಅಷ್ಟೇ.

ಎರಡು ದಿನ ಆದ್ಮೇಲೆ ಅಕ್ಕ ಫೋನ್ ಮಾಡಿದ್ಲು, ಊಟ ಸರಿಯಾಗಿ ಮಾಡ್ತಿಲ್ಲ, ರೂಮಿಂದ ಬರ್ತಿಲ್ಲ, ಏನಾದ್ರೂ ಹೇಳು ಅಂತ. ನಾನು ರಾತ್ರಿ ಅಂಗಡಿ ಬಾಗ್ಲು ಹಾಕಿ ಮತ್ತೆ ಆ ಲಿಸ್ಟ್ ತೆಗೆದು ಕೂತೆ. ಈ ಸಲ ಟೈಮ್ ನೋಡೋ ಬದ್ಲು ಗೇಮ್ ನೋಡ್ದೆ. ಅಳಿಯ ಆಡ್ತಿದ್ದಿದ್ದು ಎರಡೇ, ಫುಟ್‌ಬಾಲು ಮತ್ತೆ ಕ್ರಿಕೆಟ್ಟು, ಐದು ವರ್ಷದಿಂದ ಅವೆರಡೇ. ನವೆಂಬರ್ ಮೂರನೇ ವಾರದಿಂದ ಈಚೆಗೆ ಬಂದಿದ್ದ ಟ್ರೋಫಿ ಹೆಚ್ಚುಕಮ್ಮಿ ಎಲ್ಲಾ ಕಾರ್ ರೇಸು, ಆಮೇಲೆ ಬ್ಲಾಕ್ ಬ್ಲಾಕ್ ಜೋಡಿಸಿ ಮನೆ ಕಟ್ಟೋ ಮಕ್ಕಳ ಗೇಮು. 17 ವರ್ಷದವನು ಇದ್ದಕ್ಕಿದ್ದಂಗೆ ಚಿಕ್ಕೋನಾಗ್ಬಿಟ್ನಾ?

ಇನ್ನೊಂದು ಸಿಕ್ತು. ಡಿಸೆಂಬರ್ ಮೊದಲ್ನೇ ವಾರ ಅರಸೀಕೆರೆಲಿ ನಮ್ಮ ಚಿಕ್ಕಪ್ಪನ ಮಗಳ ರಿಸೆಪ್ಷನ್ ಇತ್ತು, ಇಡೀ ಕುಟುಂಬ ಅಲ್ಲೇ. ಆ ರಾತ್ರಿ 9:52ಕ್ಕೆ ಒಂದು ಟ್ರೋಫಿ. ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಲ್ಲಿ ಅವತ್ತಿನ ಫೋಟೋ ಹುಡುಕ್ದೆ, ನೂರಾರು ಇದ್ವು, 9:49ಕ್ಕೆ ಬಂದಿರೋ ಒಂದ್ರಲ್ಲಿ ಅಳಿಯ ಪಾಯಸದ ಬಕೆಟ್ ಹಿಡ್ಕೊಂಡು ಮೂರನೇ ಪಂಕ್ತಿಗೆ ಬಡಿಸ್ತಿದಾನೆ, ಅಂಗಿ ತೋಳು ಮಡಚಿ, ಹಿಂದೆ ಭಾವನೇ ನಿಂತಿದಾರೆ ನೀರಿನ ಜಗ್ ಹಿಡ್ಕೊಂಡು. ಸ್ಕ್ರೀನ್‌ಶಾಟ್ ಎರಡೂ ಭಾವನಿಗೆ ಕಳಿಸ್ದೆ. ಬ್ಲೂ ಟಿಕ್ ಬಿತ್ತು. ಉತ್ತರ ಬರ್ಲಿಲ್ಲ.

ಮಾರನೇ ದಿನ ಅಳಿಯನ್ನೇ ಪಕ್ಕ ಕೂರಿಸ್ಕೊಂಡು, ಅವನೇ ಪಾಸ್‌ವರ್ಡ್ ಹಾಕಿ, ಅಕೌಂಟ್ ಸೆಟ್ಟಿಂಗಲ್ಲಿ ಡಿವೈಸ್ ಲಿಸ್ಟ್ ನೋಡಿದ್ವಿ. ಒಂದೇ ಮಷೀನ್, 2020ರಲ್ಲಿ ನಾನು ಆಕ್ಟಿವೇಟ್ ಮಾಡಿದ್ದು, ಇವತ್ತಿಗೂ ಮುಖ್ಯ ಕನ್ಸೋಲ್, ಅಂದ್ರೆ ಅಕೌಂಟಿಗೆ ಇದೇ ಸ್ವಂತ ಮಷೀನು ಅಂತ ಗುರುತಾಗಿರೋದು, ಅದೇ. ಅಷ್ಟೇ ಕತೆ. ಮಷೀನು ಚಿಕ್ಕಮಗಳೂರಿಗೆ ಹೋಗಿದೆ, ಅಳಿಯನೂ ಅದರೊಳಗೇ ಹೋಗಿದಾನೆ.

ಹೊಸ ಡಿವೈಸಲ್ಲಿ ಲಾಗಿನ್ ಆದ್ರೆ ಸಾಮಾನ್ಯವಾಗಿ ಮೇಲ್ ಬರುತ್ತೆ, ಇದು ನೀವೇನಾ ಅಂತ. ಇಲ್ಲಿ ಡಿವೈಸ್ ಹೊಸದಲ್ಲ, ಮನುಷ್ಯ ಹೊಸಬ. ಮನುಷ್ಯ ಬದಲಾದ್ರೆ ಕೇಳೋ ವ್ಯವಸ್ಥೆ ಇಲ್ಲ. ನೋಡಿ ಎಷ್ಟು ವಿಚಿತ್ರ, ಇಂಥ ಮಷೀನು ಎಷ್ಟೊತ್ತಿಗೆ ಆನ್ ಆಯ್ತು, ಯಾವ ಗೇಮು, ಎಷ್ಟೊತ್ತು, ಸ್ಟೋರಲ್ಲಿ ಏನೇನು ನೋಡಿ ತಗೊಳ್ದೆ ಬಿಟ್ರು, ಯಾರು ಫ್ರೆಂಡು, ಯಾವ ಐಪಿ ಅಡ್ರೆಸ್ಸಿಂದ ಬಂದ್ರು, ಅಂದ್ರೆ ಹತ್ತತ್ರ ಯಾವ ಊರಿಂದ, ಗೇಮ್ ಕ್ರ್ಯಾಶ್ ಆದ್ರೆ ಆಗ ಏನು ನಡೀತಿತ್ತು, ಇಷ್ಟೂ ಕಳಿಸ್ತಿರುತ್ತೆ. ಪ್ಲೇಸ್ಟೇಷನ್ 5ರ ಪ್ರೈವೆಸಿ ಸೆಟ್ಟಿಂಗಲ್ಲಿ ಪೂರ್ತಿ ಡೇಟಾ ಕೊಡ್ತೀರಾ, ಲಿಮಿಟೆಡ್ ಸಾಕಾ ಅಂತ ಆಯ್ಕೆ ಇದೆ, ಎಕ್ಸ್‌ಬಾಕ್ಸಲ್ಲಿ ಆಪ್ಷನಲ್ ಡಯಾಗ್ನೋಸ್ಟಿಕ್ ಡೇಟಾ ಅಂತ ಇದೆ, ಕಮ್ಮಿ ಮಾಡಬಹುದು ಆದ್ರೆ ಪೂರಾ ನಿಲ್ಲಲ್ಲ. ಇಷ್ಟೆಲ್ಲಾ ಕಂಪ್ನಿ ಕೈಲಿ ಇದ್ದೂ ಊರು ಬದಲಾಗಿದೆ, ರುಚಿ ಬದಲಾಗಿದೆ, ಮಲಗೋ ಟೈಮ್ ಬದಲಾಗಿದೆ, ಒಂದ್ಸಲನಾದ್ರೂ ಯಾರಪ್ಪ ಆಡ್ತಿರೋದು ಅಂತ ಕೇಳಿಲ್ಲ. ಲೆಕ್ಕ ಎಲ್ಲಾ ಅಕೌಂಟ್ ಹೆಸರಲ್ಲಿ. ಕೈ ಯಾರದ್ದು ಅನ್ನೋದು ಯಾವ ಕಾಲಮ್ಮಲ್ಲೂ ಇಲ್ಲ. ನಮ್ಮ ಮನೆಗಳಲ್ಲಿ ಅಕೌಂಟು ಮನುಷ್ಯನೂ ಒಂದೇ ಆಗಿರೋದು ತೀರ ಕಮ್ಮಿ ಬೇರೆ, ಗ್ಯಾಸ್ ಬುಕಿಂಗ್ ಅಮ್ಮನ ಹೆಸ್ರು, ಓಟಿಪಿ ಅಪ್ಪನ ಫೋನು, ಓಡಿಸೋದು ಮಗ.

ಗೇಮ್ ಡೇಟಾ ಅಂದ್ರೆ ಎಲ್ರೂ ಹ್ಯಾಕರ್ ಬಗ್ಗೆ ಮಾತಾಡ್ತಾರೆ. ತಪ್ಪೇನಿಲ್ಲ, 2011ರ ಏಪ್ರಿಲಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಯಾರೋ ನುಗ್ಗಿ 7.7 ಕೋಟಿ ಅಕೌಂಟಿನ ಮಾಹಿತಿ ಅಪಾಯಕ್ಕೆ ಸಿಕ್ಕಿ, 23 ದಿನ ಇಡೀ ನೆಟ್‌ವರ್ಕ್ ಬಂದ್ ಆಗಿತ್ತು, 2013ರಲ್ಲಿ ಬ್ರಿಟನ್ ಅದಕ್ಕೆ ಸೋನಿಗೆ 2.5 ಲಕ್ಷ ಪೌಂಡ್ ದಂಡ ಹಾಕ್ತು. ಆದ್ರೆ ನಮ್ಮ ಪ್ರಕರಣದಲ್ಲಿ ಹ್ಯಾಕರ್ ಯಾರೂ ಇಲ್ಲ. ಬೇಲೂರು ಬಸ್ ಸ್ಟ್ಯಾಂಡಲ್ಲಿ ಕೈ ಕುಲುಕಿ ಕೊಟ್ಟಿದ್ದು.

ವಯಸ್ಸಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅಸಲಿ ತೊಂದ್ರೆ ಅಲ್ಲೇ ಇರೋದು. ಅಮೆರಿಕದಲ್ಲಿ 13 ವರ್ಷದ ಒಳಗಿನ ಮಕ್ಕಳ ಮಾಹಿತಿ ಅಪ್ಪ ಅಮ್ಮನ ಒಪ್ಪಿಗೆ ಇಲ್ದೆ ತಗೊಳ್ಳೋಹಂಗಿಲ್ಲ. 2023ರ ಜೂನಲ್ಲಿ ಇದೇ ವಿಷಯಕ್ಕೆ ಎಕ್ಸ್‌ಬಾಕ್ಸ್ ಕೇಸಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕಟ್ಟೋಕೆ ಒಪ್ತು. ಮಗು ಅಂತ ಗೊತ್ತಾದ್ಮೇಲೂ ಅಪ್ಪ ಅಮ್ಮನ್ನ ಕೇಳೋ ಮೊದ್ಲೇ ಫೋನ್ ನಂಬರ್ ಕೇಳ್ತಿದ್ರು, ಅಕೌಂಟ್ ಅರ್ಧಕ್ಕೆ ಬಿಟ್ಟ ಮಕ್ಕಳ ಡೇಟಾನೂ ವರ್ಷಗಟ್ಟಲೆ ಇಟ್ಕೊಂಡಿದ್ರು ಅನ್ನೋದು ಆರೋಪ. ಅದಕ್ಕೂ ಮುಂಚೆ 2022ರ ಡಿಸೆಂಬರಲ್ಲಿ ಫೋರ್ಟ್‌ನೈಟ್ ಮಾಡೋ ಎಪಿಕ್ ಗೇಮ್ಸ್ ಒಟ್ಟು 52 ಕೋಟಿ ಡಾಲರಿಗೆ ಒಪ್ಪಿತ್ತು, ಅದ್ರಲ್ಲಿ 27.5 ಕೋಟಿ ಮಕ್ಕಳ ಪ್ರೈವೆಸಿಗೇ, ಮಕ್ಕಳಿಗೂ ವಾಯ್ಸ್ ಚಾಟ್ ಮೊದಲಿಂದಾನೇ ಆನ್ ಇಟ್ಟಿದ್ದು ಅದರಲ್ಲಿ ದೊಡ್ಡ ವಿಷಯ. ನಮ್ಮ ದೇಶದ್ದು ಇನ್ನೂ ಬಿಗಿ, 2023ರ ಡಿಜಿಟಲ್ ಪರ್ಸನಲ್ ಡೇಟಾ ಕಾಯ್ದೇಲಿ ಮಗು ಅಂದ್ರೆ 18 ತುಂಬದೇ ಇರೋರು, ಪೋಷಕರ ಒಪ್ಪಿಗೆ ಪಕ್ಕಾ ಆಗಿ ಸಿಗ್ಬೇಕು, ಮಕ್ಕಳ ಚಲನವಲನ ಟ್ರ್ಯಾಕ್ ಮಾಡೋಹಂಗಿಲ್ಲ, ಅವರಿಗೇ ಅಂತ ಗುರಿಯಿಟ್ಟು ಜಾಹೀರಾತು ತೋರ್ಸೋಹಂಗಿಲ್ಲ, ಮೀರಿದ್ರೆ ದಂಡ 200 ಕೋಟಿ ರೂಪಾಯಿ ತನಕ. ಅದರ ರೂಲ್ಸ್ ಬಂದಿದ್ದು 2025ರ ನವೆಂಬರಲ್ಲಿ, ಭಾವ ಕನ್ಸೋಲ್ ಮಾರಿದ ತಿಂಗಳೇ, ಆದ್ರೆ ಕಂಪ್ನಿಗಳ ಮೇಲಿನ ಮುಖ್ಯ ಜವಾಬ್ದಾರಿಗಳು ಜಾರಿಗೆ ಬರಕ್ಕೆ 18 ತಿಂಗಳು ಟೈಮ್ ಕೊಟ್ಟಿದಾರೆ.

ಇಷ್ಟೂ ಕಾನೂನು ನಮ್ಮ ಅಳಿಯನಿಗೆ ಕೆಲ್ಸಕ್ಕೆ ಬರಲ್ಲ. ಯಾಕೆ? ಅವನಿಗೆ 51 ವರ್ಷ. ನಾನೇ ಮಾಡಿದ್ದು. ಮಗುವಿನ ಅಕೌಂಟಿಗೆ ಖರ್ಚಿನ ಮಿತಿ ಇರುತ್ತೆ, ಅಪರಿಚಿತರ ಜೊತೆ ಮಾತು ಬಂದ್ ಇಡಬಹುದು, ಇಂತಿಷ್ಟೇ ಹೊತ್ತು ಅಂತ ಕಟ್ ಮಾಡಬಹುದು. 51 ವರ್ಷದ ಗಂಡಸಿಗೆ ಅದ್ಯಾವುದೂ ಇಲ್ಲ.

ಭಾವ ಅಷ್ಟೊತ್ತಿಗೆ ಪೂರ್ತಿ ಉಲ್ಟಾ ಹೊಡೆದಿದ್ರು. ಮಗನ ಮೇಲಿದ್ದ ಸಿಟ್ಟು ಚಿಕ್ಕಮಗಳೂರಿನೋರ ಮೇಲೆ. "1930ಗೆ ಫೋನ್ ಮಾಡ್ತೀನಿ ಕಣಯ್ಯ, ಸೈಬರ್ ಕ್ರೈಮ್ ಇದು" ಅಂದ್ರು. ನಾನು ಕೇಳ್ದೆ, ಏನಂತ ಹೇಳ್ತೀರಾ ಭಾವ, ಗೇಮೆಲ್ಲ ಒಳಗೇ ಇದೆ ಅಂತ ಹೇಳಿ ಮಾರಿದ್ದು ಯಾರು? ಸುಮ್ನಾದ್ರು. ತಗೊಂಡೋರ ನಂಬರ್ ಅವರ ಫೋನಲ್ಲೇ ಇತ್ತು, ನಾನೇ ಮಾತಾಡ್ದೆ. ಆಲ್ದೂರು ಕಡೆ ಕಾಫಿ ಎಸ್ಟೇಟಲ್ಲಿ ರೈಟರ್ ಅಂತೆ, ಅಂದ್ರೆ ಲೆಕ್ಕ ಬರೆಯೋರು, ಮನೆ ಮಾತ್ರ ಚಿಕ್ಕಮಗಳೂರು ಟೌನಲ್ಲೇ, ವಿಜಯಪುರ ಬಡಾವಣೇಲಿ. ವಿಷಯ ಹೇಳ್ತಿದ್ದಂಗೆ ಗಾಬರಿ ಆದ್ರು, "ಅಲ್ಲ ಮಾರಾಯ್ರೆ, ದುಡ್ಡು ಕಟ್ಟಾಗುತ್ತೆ ಅಂತ ನಮಗೇನ್ ಗೊತ್ತು, ಗೇಮು ಅದರ ಜೊತೇಲೇ ಬರೋದು ಅಂದಿದ್ರಲ್ಲ ನಿಮ್ಮ ಭಾವ" ಅಂದ್ರು. ಭಾನುವಾರ ಬರ್ತೀವಿ, ಸರಿ ಮಾಡಿಕೊಡ್ತೀವಿ ಅಂದೆ.

ಇಲ್ಲಿಂದ ಕೂತೇ ಮಾಡಬಹುದಿತ್ತು, ಅದೂ ಹೇಳ್ಬಿಡ್ತೀನಿ. ವೆಬ್‌ಸೈಟಲ್ಲಿ ಅಕೌಂಟಿಗೆ ಹೋಗಿ ಎಲ್ಲಾ ಡಿವೈಸಿಂದ ಸೈನೌಟ್ ಕೊಟ್ಟು, ಪಾಸ್‌ವರ್ಡ್ ಬದಲಾಯಿಸಿ, ಪಾಸ್‌ವರ್ಡ್ ಜೊತೆ ಒಂದು ಕೋಡೂ ಕೇಳೋ ಟೂ ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿದ್ರೆ ಅಕೌಂಟ್ ಭದ್ರ ಆಗುತ್ತೆ. ಪ್ಲೇಸ್ಟೇಷನಲ್ಲಿ ವೆಬ್‌ಸೈಟಿಂದ ಎಲ್ಲಾ ಮಷೀನ್ ಒಟ್ಟಿಗೆ ಡಿಆಕ್ಟಿವೇಟ್ ಮಾಡೋ ಅವಕಾಶ 6 ತಿಂಗಳಿಗೆ ಒಂದೇ ಸಲ, ಅದು ಗೊತ್ತಿಲ್ದೆ ಸುಮ್ಸುಮ್ನೆ ಒತ್ತಿ ಕಳ್ಕೊಂಡೋರು ಇದಾರೆ. ಸೈನೌಟು, ಪಾಸ್‌ವರ್ಡು ನಾವು ಅವತ್ತೇ ಮಾಡಿದ್ವಿ. ಆದ್ರೆ ಮಷೀನ್ ಡಿಸ್ಕಲ್ಲಿ ಇರೋದು ಅದರಿಂದ ಹೋಗಲ್ಲ. ಅಳಿಯನಿಗೆ ಬೇಕಾಗಿದ್ದೂ ಅದೇ, "ಕ್ಲಿಪ್ಸ್ ಇದೆ ಮಾಮ ಅದ್ರಲ್ಲಿ, ನಾನು ಮಾತಾಡಿರೋದು" ಅಂದ, ಮುಖ ಕೆಂಪಗೆ ಮಾಡ್ಕೊಂಡು.

ಭಾನುವಾರ ನಾವು ಮೂರು ಜನ ಕಾರಲ್ಲಿ ಹೊರಟ್ವಿ, ಬೇಲೂರು ದಾಟೋ ತನಕ ಅಪ್ಪ ಮಗ ಒಂದು ಮಾತಾಡ್ಲಿಲ್ಲ. ರೋಡ್ ಪಕ್ಕ ಕಣಗಳಲ್ಲಿ ಕಾಫಿ ಒಣಗಾಕಿದ್ರು. ರೈಟರ್ ಮನೆ ಸಣ್ಣದು, ಅಚ್ಚುಕಟ್ಟು, ಟೀವಿ ಕೆಳಗೆ ಕ್ರೋಶಾ ಬಟ್ಟೆ ಹಾಸಿ ಅದರ ಮೇಲೆ ಅಳಿಯನ ಕನ್ಸೋಲು. ಅದರ ಬಲಗಡೆ ಮೂಲೇಲಿ ಅವನು ಎಂಟನೇ ಕ್ಲಾಸಲ್ಲಿ ಅಂಟಿಸಿದ್ದ ಫುಟ್‌ಬಾಲ್ ಸ್ಟಿಕರ್ ಅರ್ಧ ಕಿತ್ತು ಹಂಗೇ ಇತ್ತು. ಅವರ ಮಗ 11 ವರ್ಷದವನು, ನಮ್ಮನ್ನ ನೋಡಿದ್ದೇ ಪರದೆ ಹಿಂದೆ ಹೋದ. ಕಾಫಿ ಕುಯ್ಲಿನ ಟೈಮು, ಅಪ್ಪ ಎಸ್ಟೇಟಿಂದ ಬರೋದೇ ಎಷ್ಟೋ ದಿನ ಮಧ್ಯರಾತ್ರಿ, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ಮುಗಿದು ಲೆಕ್ಕ ಬರೆದು. ಅಮ್ಮ ಮಲಗಿದ್ಮೇಲೆ ಇವನು ಎದ್ದು ಸೌಂಡ್ ಕಮ್ಮಿ ಇಟ್ಟು ಆಡ್ತಿದ್ದ. ರಾತ್ರಿ 1:47 ಅಂದೆನಲ್ಲ, ಅದು ಇವನೇ.

ಆನ್ ಮಾಡಿದ್ವಿ. ಕ್ಲಿಪ್ ಫೋಲ್ಡರಲ್ಲಿ 60ಕ್ಕೂ ಜಾಸ್ತಿ ವಿಡಿಯೋ. ಕ್ಲಿಪ್ ಜೊತೆ ಮೈಕ್ ಸೌಂಡೂ ಸೇರ್ಲಿ ಅನ್ನೋ ಆಪ್ಷನ್ ಯಾವಾಗಲೋ ಆನ್ ಆಗಿತ್ತು. ಒಂದು ಗೋಲ್ ಹೊಡೆಯೋ ವಿಡಿಯೋ, ಅದರ ಹಿಂದೆ ನಮ್ಮಕ್ಕನ ಗಂಟಲು, "ಲೋ, ಹಾಲು ಉಕ್ತಾ ಇದೆ ನೋಡೋ, ಕಿವಿ ಕೇಳಲ್ವೇನೋ ನಿಂಗೆ!" ಪರದೆ ಹಿಂದಿಂದ ಆ ಮಗು ಕಿಸಕ್ ಅಂತ ನಕ್ಕು, ಅದೇ ರಾಗದಲ್ಲಿ, ಅಕ್ಕನ ಥರಾನೇ "ಕಿವಿ ಕೇಳಲ್ವೇನೋ ನಿಂಗೆ" ಅಂತು. ಅದಕ್ಕೆ ಬಾಯಿಪಾಠ ಆಗಿತ್ತು. ಎಲ್ರೂ ನಕ್ವಿ, ಭಾವನೂ ನಕ್ರು. ಆಮೇಲೆ ನಂಗೆ ಒಂಥರಾ ಆಯ್ತು. ಯಾವತ್ತೂ ನೋಡಿಲ್ದ ಒಂದು ಮನೇಲಿ ನಮ್ಮಕ್ಕನ ಧ್ವನಿ ಎರಡು ತಿಂಗಳಿಂದ ಓಡಾಡ್ತಿತ್ತು, ಅವಳು ಇಲ್ಲಿ ಹಾಸನದಲ್ಲಿ ಓಟಿಪಿ ಬಂದ್ರೆ ಫ್ರಾಡು ಅಂತ ಹುಷಾರಾಗಿದ್ಲು.

ಇನ್ನೊಂದು ಕಡೆ ಇದಕ್ಕಿಂತ ಕೆಟ್ಟದ್ದು. ಅಕೌಂಟ್ ದೊಡ್ಡೋರದ್ದು ಅಂತ ಇರೋದ್ರಿಂದ ವಾಯ್ಸ್ ಚಾಟ್ ಪೂರ್ತಿ ಓಪನ್, ಆ ಮಗು ಹೆಡ್‌ಸೆಟ್ ಹಾಕ್ಕೊಂಡು ಯಾರ್ಯಾರದೋ ಜೊತೆ ಕಾರ್ ರೇಸ್ ಆಡ್ತಿತ್ತು. "ಹಿಂದೀಲಿ ಏನೇನೋ ಬಯ್ಯಕ್ಕೆ ಕಲ್ತಿದಾನೆ, ಸ್ಕೂಲಲ್ಲಿ ಕಲ್ತ ಅನ್ಕೊಂಡು ಟೀಚರ್ ಹತ್ರ ಜಗಳ ಆಡ್ಕೊಂಡು ಬಂದೆ" ಅಂತ ಅವರಮ್ಮ ಹೇಳಿದ್ರು. ಆ ಮೈಕಲ್ಲಿ ಮಾತಾಡಿದ್ದು ರೆಕಾರ್ಡ್ ಆಗುತ್ತಾ ಅಂತ ರೈಟರ್ ಕೇಳಿದ್ರು. ಪ್ಲೇಸ್ಟೇಷನ್ 5ರಲ್ಲಿ ವಾಯ್ಸ್ ಚಾಟಿನ ಕೊನೇ 5 ನಿಮಿಷ ಮಷೀನಲ್ಲೇ ಉಳೀತಾ ಅಳೀತಾ ಇರುತ್ತೆ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಅದರಿಂದ 40 ಸೆಕೆಂಡ್ ತನಕ ಕಂಪ್ನಿಗೆ ಹೋಗುತ್ತೆ, ಎಕ್ಸ್‌ಬಾಕ್ಸಲ್ಲೂ 2023ರಿಂದ 60 ಸೆಕೆಂಡ್ ಕ್ಲಿಪ್ ಕಳ್ಸಿ ದೂರು ಕೊಡಬಹುದು. ಪ್ಲೇಸ್ಟೇಷನ್ 5ರ ಕಂಟ್ರೋಲರಲ್ಲೇ ಮೈಕ್ ಇದೆ, ಮಧ್ಯದಲ್ಲಿರೋ ಸಣ್ಣ ಮ್ಯೂಟ್ ಬಟನ್ ಅದಕ್ಕೇ ಇರೋದು ಅಂದಾಗ ಭಾವ "ಜಾಯ್‌ಸ್ಟಿಕ್ಕಲ್ಲಿ ಮೈಕಾ!" ಅಂದ್ರು. ನನಗೆ ಈ ರೆಕಾರ್ಡಿಂಗ್ ತಪ್ಪು ಅನ್ಸಲ್ಲ, ಬಯ್ಯೋರನ್ನ ಹಿಡಿಯಕ್ಕೆ ಬೇಕಾಗುತ್ತೆ. ಆದ್ರೆ ಇಲ್ಲಿ ಯಾರಾದ್ರೂ ದೂರು ಕೊಟ್ಟಿದ್ರೆ ಬ್ಯಾನ್ ಆಗ್ತಿದ್ದಿದ್ದು ಅಳಿಯನ ಅಕೌಂಟು, ಐದು ವರ್ಷ ತಗೊಂಡಿರೋ ಗೇಮು ಸಮೇತ.

ಕಾಫಿ ತಂದಾಗ ಅವರಮ್ಮ ಸ್ವಲ್ಪ ಹೊತ್ತು ನಿಂತ್ರು. ಏನೋ ಹೇಳ್ಬೇಕು, ಹೇಳಕ್ಕಾಗ್ತಿಲ್ಲ. ಆಮೇಲೆ ಭಾವನ ಕಡೆ ನೋಡಿ, "ಅಣ್ಣ, ತಪ್ಪು ತಿಳ್ಕೋಬೇಡಿ, ತಂದ ವಾರ ಟೀವಿಲಿ ಮೆಸೇಜ್ ಬಾಕ್ಸ್ ಓಪನ್ ಆಗಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಾನು ಓದ್ಬಿಟ್ಟೆ. ನಿಮ್ಮ ಹುಡುಗ ಫ್ರೆಂಡಿಗೆ ಬರೆದಿದ್ದ, ಅಪ್ಪ ಮಾರ್ತಾರಂತೆ, ನಾನು ಓದ್ತಾ ಇದ್ರೂ ಅಪ್ಪ ನಂಬಲ್ಲ, ಅಂತ. ಅವತ್ತಿಂದ ನಮಗೂ ಮನಸಿಗೆ ಒಂಥರಾ, ಮಗೂದು ಕಿತ್ಕೊಂಡ್ವಲ್ಲ ಅಂತ" ಅಂದ್ರು.

ಅಳಿಯ ಎದ್ದು ಹೊರಗೆ ಹೋದ. ಭಾವ ಲೋಟ ಕೆಳಗಿಡ್ಲಿಲ್ಲ, ಕುಡೀಲೂ ಇಲ್ಲ, ಸುಮಾರು ಹೊತ್ತು ಹಂಗೇ ಹಿಡ್ಕೊಂಡು ಕೂತಿದ್ರು. ಆಮೇಲೆ ಅವರೂ ಹೊರಗೆ ಹೋದ್ರು. ಕಾಂಪೌಂಡ್ ಹತ್ರ ಏನ್ ಮಾತಾಡಿದ್ರೋ ನಾನು ಕೇಳಿಲ್ಲ, ಕೇಳಿದ್ರೂ ಬರೀತಿರ್ಲಿಲ್ಲ.

ಉಳಿದಿದ್ದು ಬರೀ ಕೆಲ್ಸ. ಅಳಿಯ ವಾಪಸ್ ಬಂದು ಮೊದ್ಲು ತನ್ನ ಫುಟ್‌ಬಾಲ್ ಸೇವ್ ಫೈಲ್ ನೋಡ್ದ, ಎರಡು ವರ್ಷದಿಂದ ಕಟ್ಟಿದ್ದ ಟೀಮು, ಆ ಮಗು ಅದರ ಮೇಲೇ ಹೊಸದು ಶುರು ಮಾಡಿ ಒಳ್ಳೊಳ್ಳೇ ಪ್ಲೇಯರನ್ನೆಲ್ಲಾ ಮಾರಿಬಿಟ್ಟಿತ್ತು. ಇಡೀ ಪ್ರಕರಣದಲ್ಲಿ ಅವನ ಕಣ್ಣಲ್ಲಿ ನೀರು ಬಂದಿದ್ದು ಅವಾಗ ಒಂದೇ ಸಲ. ಕ್ಲಿಪ್ಸಲ್ಲಿ ಬೇಕಾದ್ದು ಪೆನ್ ಡ್ರೈವಿಗೆ ಹಾಕ್ಕೊಂಡ, ಆಮೇಲೆ ಮುಖ್ಯ ಕನ್ಸೋಲ್ ಅನ್ನೋದನ್ನ ತೆಗೆದು, ಫುಲ್ ರಿಸೆಟ್. ಇದ್ರಲ್ಲೂ ಒಂದು ಮೋಸ ಇದೆ, ಎಕ್ಸ್‌ಬಾಕ್ಸಲ್ಲಿ ರಿಸೆಟ್ ಕೊಟ್ರೆ ಎರಡು ಥರ ಕೇಳುತ್ತೆ, ಒಂದು ಎಲ್ಲಾ ಅಳಿಸೋದು, ಇನ್ನೊಂದು ಗೇಮು ಆ್ಯಪು ಉಳಿಸ್ಕೊಳ್ಳೋದು, ಮಾರೋರು ಮೊದಲ್ನೇದೇ ಕೊಡ್ಬೇಕು. ಯಾವ ರಿಸೆಟ್ ಕೊಟ್ರೂ ಮಷೀನಲ್ಲಿರೋದು ಮಾತ್ರ ಹೋಗೋದು, ಟ್ರೋಫಿ, ಮೆಸೇಜು, ಖರೀದಿ ಲೆಕ್ಕ ಎಲ್ಲಾ ಕಂಪ್ನಿ ಸರ್ವರಲ್ಲಿ ಹಂಗೇ ಇರುತ್ತೆ. ಪ್ರೊಫೈಲು, ಟ್ರೋಫಿ, ಆನ್‌ಲೈನ್ ಇದಾನಾ ಇಲ್ವಾ ಅನ್ನೋದು, ಇವನ್ನ ಯಾರು ನೋಡಬಹುದು ಅನ್ನೋ ಕಡೆ ಅಳಿಯನೇ ಎಲ್ಲಾ "ನಾನೊಬ್ಬನೇ" ಅಂತ ಮಾಡ್ಕೊಂಡ.

ಆಮೇಲೆ ಆ ಮಗೂಗೆ ಹೊಸ ಅಕೌಂಟು. ಡೇಟ್ ಆಫ್ ಬರ್ತ್ ಬಂದಾಗ ರೈಟರ್ ನನ್ನ ಮುಖ ನೋಡಿ, "ನಿಜವಾದ್ದೇ ಹಾಕ್ಬೇಕಾ ಸಾರ್?" ಅಂದ್ರು. ಹಾಕಿ ಅಂದೆ. ಅಪ್ಪನ ಅಕೌಂಟು, ಮೇಲ್ ವೆರಿಫೈ, ಮಗೂದು ಅದರ ಕೆಳಗೆ, ಖರ್ಚು ಸೊನ್ನೆ, ಚಾಟ್ ಬಂದ್, ರಾತ್ರಿ 9ಕ್ಕೆ ಆಫ್. 40 ನಿಮಿಷ ಹಿಡೀತು, ನಡುವೆ ಒಂದ್ಸಲ ಕರೆಂಟ್ ಹೋಯ್ತು. 2020ರಲ್ಲಿ ನಾನು ಉಳಿಸಿದ್ದು ಈ 40 ನಿಮಿಷ. ಮಗು ನನ್ನ ಕಡೆ ಶತ್ರು ನೋಡ್ದಂಗೆ ನೋಡ್ತಿತ್ತು. ವಾಲೆಟ್ ದುಡ್ಡು ರೈಟರ್ ಕೊಡಕ್ಕೆ ಬಂದ್ರು, ಭಾವ ತಗೊಳ್ಳಿಲ್ಲ, ಅವರು ಒಂದು ಕೆಜಿ ಕಾಫಿಪುಡಿ ಕೊಟ್ಟು ಕಳಿಸಿದ್ರು.

ವಾಪಸ್ ಬರೋವಾಗ ಭಾವ ಡ್ರೈವ್ ಮಾಡ್ತಾ, ಅವನ ಹೊಸ ಪಾಸ್‌ವರ್ಡ್ ನಂಗೂ ಒಂದು ಬರೆದಿಡು ಅಂದ್ರು, ಅಭ್ಯಾಸಬಲ. ಹಿಂದಿನ ಸೀಟಲ್ಲಿ ಅಳಿಯ ಇದಾನೆ. ನಾನು ಏನೂ ಹೇಳ್ಲಿಲ್ಲ, ಹಳೇಬೀಡು ಕ್ರಾಸ್ ಹತ್ರ ಭಾವನೇ "ಬೇಡ ಬಿಡು" ಅಂದ್ರು. ಈಗ ಅಕೌಂಟಿನ ಮೇಲ್ ಐಡಿ ಅಳಿಯಂದು, ಅಕ್ಕನ ಕಾರ್ಡ್ ತೆಗೆದಾಗಿದೆ. ಡೇಟ್ ಆಫ್ ಬರ್ತ್ ಮಾತ್ರ ನಾವೇ ತಿದ್ದಕ್ಕೆ ಆಗ್ತಿಲ್ಲ. ಕಸ್ಟಮರ್ ಸಪೋರ್ಟಿಗೆ ಬರೆದಿದ್ವಿ, ಅಕೌಂಟಿನವರ ವಯಸ್ಸಿನ ಪುರಾವೆ ಕಳಿಸಿ ಅಂತ ಉತ್ತರ ಬಂದಿದೆ. ಯಾರದ್ದು ಕಳಿಸೋದು, 17 ವರ್ಷದವನ ಆಧಾರ್ ಕಾರ್ಡನ್ನ ಅದೇ ಕಂಪ್ನಿಗೆ ಮೇಲಲ್ಲಿ ಕಳಿಸೋದಾ ಅಂತ ಅಳಿಯ ಕೇಳ್ತಿದಾನೆ, ನನ್ನ ಹತ್ರ ಉತ್ತರ ಇಲ್ಲ. ಪರೀಕ್ಷೆ ಮುಗೀಲಿ ಆಮೇಲೆ ನೋಡೋಣ ಅಂತ ಬಿಟ್ಟಿದೀವಿ. ಮೇ ತಿಂಗಳಲ್ಲಿ ಅಕೌಂಟಿಗೆ 52 ತುಂಬುತ್ತೆ, ಹ್ಯಾಪಿ ಬರ್ತ್‌ಡೇ ಮೇಲು ಈ ಸಲ ಅಳಿಯನಿಗೇ ಬರುತ್ತೆ.